ಔಷಧದಿಂದ ಏಳುವ ಅಪಾಯಕಾರಿ ದದ್ದನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಫಿಟ್ಸ್ ಬರುತ್ತಿದ್ದುದರಿಂದ ವೈದ್ಯರು ಕಾರ್ಬಮಜೆಪಿನ್ ಮಾತ್ರೆ ಆರಂಭಿಸಿದ್ದರು. ಹದಿನೇಳನೆಯ ದಿನ ಜ್ವರ, ಗಂಟಲುನೋವು, ಕಣ್ಣುರಿ ಶುರುವಾಯಿತು. ವೈರಲ್ ಜ್ವರವಿರಬೇಕೆಂದು ಪ್ಯಾರಾಸಿಟಮಾಲ್ ಕೊಟ್ಟೆವು, ಜೊತೆಗೆ ಒಂದು ಆ್ಯಂಟಿಬಯಾಟಿಕ್ ಕೂಡ ಆಯಿತು. ಎರಡು ದಿನದಲ್ಲಿ ಎದೆಯ ಮೇಲೆ ದದ್ದು ಕಾಣಿಸಿದಾಗ, ಆ್ಯಂಟಿಬಯಾಟಿಕ್ ಒಗ್ಗಲಿಲ್ಲವೆಂದು ಅದನ್ನು ನಿಲ್ಲಿಸಿ ಫಿಟ್ಸ್ ಮಾತ್ರೆಯನ್ನು ಇನ್ನೂ ಎರಡು ದಿನ ಮುಂದುವರಿಸಿದೆವು. ಆಮೇಲೆ ತುಟಿ ಒಡೆದು ರಕ್ತ ಬಂತು, ಬೆನ್ನಿನ ಚರ್ಮ ಹಾಳೆಯಂತೆ ಕಳಚಿತು. ಆಸ್ಪತ್ರೆಯಲ್ಲಿ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಎಂದರು. ಮೂರು ವಾರಗಳ ಚಿಕಿತ್ಸೆಯ ನಂತರ ಈಗ ಮನೆಗೆ ಬಂದಿದ್ದಾನೆ. ಇದನ್ನು ನಾವು ಮೊದಲೇ ಗುರುತಿಸಬಹುದಿತ್ತೆ? ಸಾಮಾನ್ಯ ಅಲರ್ಜಿಗೂ ಇದಕ್ಕೂ ಇರುವ ವ್ಯತ್ಯಾಸವೇನು? ಮುಂದೆ ಅವನು ಯಾವ ಎಚ್ಚರ ವಹಿಸಬೇಕು? ಒಡಹುಟ್ಟಿದ ನನಗೂ ಈ ಅಪಾಯ ಇದೆಯೆ?

ಉತ್ತರ: ನಿಮ್ಮ ತಮ್ಮ ಚೇತರಿಸಿಕೊಂಡು ಮನೆಗೆ ಮರಳಿರುವುದು ದೊಡ್ಡ ಸಮಾಧಾನದ ವಿಷಯ. ನಿಮ್ಮ ಪ್ರಶ್ನೆಯ ಹಿಂದೆ ಅಳುಕೊಂದು ಕಾಣುತ್ತಿರುವುದರಿಂದ ಇದನ್ನು ಮೊದಲು ಹೇಳಿಬಿಡುತ್ತೇನೆ: ಮೊದಲ ಎರಡು ದಿನ ನೀವು ಕಂಡದ್ದು ಜ್ವರ, ಗಂಟಲುನೋವು ಮತ್ತು ಕಣ್ಣುರಿ ಮಾತ್ರ. ಆ ಹಂತದಲ್ಲಿ ಇದನ್ನು ಸಾಧಾರಣ ಜ್ವರದಿಂದ ಬೇರ್ಪಡಿಸಲು ನುರಿತ ವೈದ್ಯರಿಗೂ ಕಷ್ಟವಾಗುತ್ತದೆ, ಏಕೆಂದರೆ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಚರ್ಮದ ಮೇಲೆ ಕಾಣಿಸಿಕೊಳ್ಳುವ ಒಂದರಿಂದ ಮೂರು ದಿನ ಮೊದಲು ಫ್ಲೂ ಜ್ವರದ ವೇಷದಲ್ಲೇ ಬರುತ್ತದೆ. ಆದರೆ ದದ್ದು ಎದ್ದ ದಿನ ಯಾರಾದರೂ ಒಂದು ಪ್ರಶ್ನೆ ಕೇಳಿದ್ದರೆ ದಾರಿ ಬದಲಾಗುತ್ತಿತ್ತು. ಅದು "ನಿನ್ನೆ ಏನು ನುಂಗಿದೆ?" ಎಂಬ ಪ್ರಶ್ನೆಯಲ್ಲ, "ಕಳೆದ ಎರಡು ತಿಂಗಳಲ್ಲಿ ಹೊಸದಾಗಿ ಯಾವ ಔಷಧ ಶುರುವಾಗಿದೆ, ಯಾವ ತಾರೀಕಿನಿಂದ?" ಎಂಬ ಪ್ರಶ್ನೆ.

ಔಷಧದ ಅಲರ್ಜಿ ಎಂದರೆ ನುಂಗಿದ ಕೂಡಲೇ ಮೈಯೆಲ್ಲ ಗಂದೆ ಏಳುವುದು ಎಂಬ ಕಲ್ಪನೆ ನಮ್ಮಲ್ಲಿ ಬೇರೂರಿದೆ. ಅಂಥ ಅಲರ್ಜಿಯೂ ಇದೆ. ಅದು ನಿಮಿಷಗಳಲ್ಲಿ ಅಥವಾ ಕೆಲವು ಗಂಟೆಗಳಲ್ಲಿ ಬರುತ್ತದೆ. ತುಟಿ, ನಾಲಿಗೆ ಊದಿಕೊಂಡು, ಉಸಿರು ಸಿಕ್ಕಿ, ರಕ್ತದೊತ್ತಡ ಕುಸಿದರೆ ಅದೂ ಪ್ರಾಣಾಪಾಯವೇ, ಅದಕ್ಕೆ ತಕ್ಷಣ ಅಡ್ರಿನಲಿನ್ ಚುಚ್ಚುಮದ್ದು ಬೇಕು. ಆದರೆ ನಿಮ್ಮ ತಮ್ಮನಿಗೆ ಬಂದದ್ದು ಬೇರೆಯೇ ಜಾತಿಯದು. ಇಲ್ಲಿ ಕೆಲಸ ಮಾಡುವುದು ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು. ಔಷಧವನ್ನು ಶತ್ರುವೆಂದು ತಪ್ಪಾಗಿ ಗುರುತಿಸಿ, ಸಂಖ್ಯೆಯಲ್ಲಿ ಬೆಳೆದು, ಚರ್ಮಕ್ಕೆ ಬಂದು ಅಲ್ಲಿನ ಜೀವಕೋಶಗಳನ್ನು ಕೊಲ್ಲಲು ಅವಕ್ಕೆ ದಿನಗಳು, ವಾರಗಳು ಬೇಕು. ಆದ್ದರಿಂದಲೇ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಸಾಮಾನ್ಯವಾಗಿ ಔಷಧ ಆರಂಭವಾದ 4ನೆಯ ದಿನದಿಂದ 28ನೆಯ ದಿನದೊಳಗೆ ಕಾಣಿಸುತ್ತದೆ. ಡ್ರೆಸ್ ಎಂದು ಕರೆಯುವ ಇನ್ನೊಂದು ತೀವ್ರ ಪ್ರತಿಕ್ರಿಯೆ ಎರಡರಿಂದ ಎಂಟು ವಾರಗಳ ನಡುವೆ ಬರುತ್ತದೆ. ಹದಿನೇಳನೆಯ ದಿನ ಎಂದು ನೀವು ಬರೆದಿದ್ದೀರಲ್ಲ, ಆ ಒಂದು ಅಂಕಿಯೇ ಕಾರ್ಬಮಜೆಪಿನ್ ಕಡೆಗೆ ಬೆರಳು ತೋರಿಸುತ್ತದೆ.

ಮನೆಯವರೂ ಕೆಲವೊಮ್ಮೆ ವೈದ್ಯರೂ ಎಡವುವುದು ಇಲ್ಲಿಯೇ. ಕಾಯಿಲೆಯ ಮೊದಲ ಲಕ್ಷಣವಾಗಿ ಬಂದ ಜ್ವರಕ್ಕೆಂದು ಪ್ಯಾರಾಸಿಟಮಾಲ್, ನೋವಿನ ಮಾತ್ರೆ ಅಥವಾ ಆ್ಯಂಟಿಬಯಾಟಿಕ್ ಕೊಡಲಾಗುತ್ತದೆ, ಮರುದಿನ ದದ್ದು ಏಳುತ್ತದೆ, ಅಪವಾದ ಕೊನೆಯಲ್ಲಿ ಬಂದ ಮಾತ್ರೆಯ ಮೇಲೆ ಬೀಳುತ್ತದೆ. ಇದರಿಂದ ಎರಡು ಕೇಡು. ನಿಜವಾದ ಕಾರಣ ದೇಹಕ್ಕೆ ಹೋಗುತ್ತಲೇ ಇರುತ್ತದೆ. ನಿರಪರಾಧಿಯಾದ, ಮುಂದೆ ಬೇಕಾಗಬಹುದಾದ ಔಷಧವೊಂದಕ್ಕೆ ಜೀವನಪೂರ್ತಿ ಬಹಿಷ್ಕಾರ ಬೀಳುತ್ತದೆ. ವರ್ಷಗಳಿಂದ ತೊಂದರೆಯಿಲ್ಲದೆ ತೆಗೆದುಕೊಳ್ಳುತ್ತಿರುವ ರಕ್ತದೊತ್ತಡದ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆಯ ಮೇಲೆ ಅನುಮಾನ ಪಡುವುದೂ ಹೆಚ್ಚಿನ ಸಂದರ್ಭಗಳಲ್ಲಿ ಸರಿಯಲ್ಲ, ಏಕೆಂದರೆ ಅಪಾಯವೆಲ್ಲ ಬಹುಮಟ್ಟಿಗೆ ಮೊದಲ ಎಂಟು ವಾರಗಳಲ್ಲಿ ಕೇಂದ್ರೀಕೃತವಾಗಿರುತ್ತದೆ. ಇದಕ್ಕೆ ಒಂದು ಅಪವಾದವುಂಟು: ಹಿಂದೆ ಇಂಥ ಪ್ರತಿಕ್ರಿಯೆ ತಂದ ಔಷಧವನ್ನೇ ಮತ್ತೆ ಕೊಟ್ಟರೆ ದೇಹ ವಾರಗಟ್ಟಲೆ ಕಾಯುವುದಿಲ್ಲ, ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಹೆಚ್ಚು ಉಗ್ರವಾಗಿ ಪ್ರತಿಕ್ರಿಯಿಸಬಹುದು.

ಯಾವುದೇ ಔಷಧ ಯಾರಿಗಾದರೂ ಒಗ್ಗದಿರಬಹುದಾದರೂ, ಚರ್ಮ ಕಳಚುವ ಪ್ರತಿಕ್ರಿಯೆಗಳ ಹಿಂದೆ ಪದೇ ಪದೇ ಸಿಗುವ ಹೆಸರುಗಳು ಕೆಲವೇ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೊಬಾರ್ಬಿಟಾಲ್, ಲ್ಯಾಮೊಟ್ರಿಜಿನ್. ಯೂರಿಕ್ ಆಮ್ಲ ಇಳಿಸುವ ಅಲೊಪ್ಯುರಿನಾಲ್. ಕೋ-ಟ್ರೈಮಾಕ್ಸಜೋಲ್, ಸಲ್ಫಸಲಜೀನ್‌ನಂಥ ಸಲ್ಫಾ ಔಷಧಗಳು. ಎಚ್‌ಐವಿಗೆ ಬಳಸುವ ನೆವಿರಪಿನ್. ನೋವು ನಿವಾರಕಗಳಲ್ಲಿ ಪಿರಾಕ್ಸಿಕ್ಯಾಮ್, ಮೆಲಾಕ್ಸಿಕ್ಯಾಮ್ ಗುಂಪು. ಇವೆಲ್ಲ ಲಕ್ಷಾಂತರ ಜನರಿಗೆ ಒಳಿತು ಮಾಡುವ ಔಷಧಗಳು, ಮತ್ತು ಈ ಪ್ರತಿಕ್ರಿಯೆ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಕೆಲವರಿಗಷ್ಟೇ ಬರುವಂಥದ್ದು. ಹೆಸರುಗಳನ್ನು ಹೇಳುತ್ತಿರುವುದು ಯಾರೂ ಹೆದರಿ ಮಾತ್ರೆ ಬಿಡಲಿ ಎಂದಲ್ಲ, ಇವುಗಳಲ್ಲೊಂದನ್ನು ಆರಂಭಿಸಿದವರು ಮೊದಲ ಎರಡು ತಿಂಗಳು ಜ್ವರ ಮತ್ತು ದದ್ದನ್ನು ಹಗುರವಾಗಿ ಕಾಣದಿರಲಿ ಎಂದು.

ಈಗ ದದ್ದಿನ ವಿಷಯ. ಔಷಧದಿಂದ ಏಳುವ ದದ್ದುಗಳಲ್ಲಿ ಬಹುಪಾಲು ನಿರಪಾಯಕಾರಿ. ದಡಾರವನ್ನು ಹೋಲುವ ಸಣ್ಣ ಸಣ್ಣ ಕೆಂಪು ಚುಕ್ಕೆಗಳು ಮೊದಲು ಎದೆ, ಬೆನ್ನು, ಹೊಟ್ಟೆಯ ಮೇಲೆ ಎದ್ದು, ಎರಡೂ ಬದಿಗೆ ಒಂದೇ ಸಮನಾಗಿ ಕೈಕಾಲಿಗೆ ಹರಡುತ್ತವೆ. ತುರಿಕೆ ಇರುತ್ತದೆ, ಅಲ್ಪಸ್ವಲ್ಪ ಮೈ ಬಿಸಿಯೂ ಇರಬಹುದು. ಆದರೆ ರೋಗಿ ಗೆಲುವಾಗಿರುತ್ತಾನೆ, ಊಟ ಮಾಡುತ್ತಾನೆ, ಬಾಯಿ ಮತ್ತು ಕಣ್ಣು ಸ್ವಚ್ಛವಾಗಿರುತ್ತವೆ. ಔಷಧ ನಿಲ್ಲಿಸಿದ ಒಂದೆರಡು ವಾರಗಳಲ್ಲಿ ಸಿಪ್ಪೆಯೆದ್ದು ಮಾಯವಾಗುತ್ತದೆ. ತೊಡಕೆಂದರೆ, ತೀವ್ರ ಪ್ರತಿಕ್ರಿಯೆಯೂ ಮೊದಲ ದಿನ ಹೀಗೆಯೇ ಕಾಣಬಹುದು. ಹಾಗಾಗಿ ದದ್ದಿನ ಆಕಾರವನ್ನೇ ದಿಟ್ಟಿಸುತ್ತ ಕೂರುವುದಕ್ಕಿಂತ, ಅದರ ಜೊತೆಗೆ ಇನ್ನೇನು ಬಂದಿದೆ ಎಂದು ನೋಡುವುದು ಹೆಚ್ಚು ಪ್ರಯೋಜನಕರ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಲ್ಲಕ್ಕಿಂತ ಮುಖ್ಯವಾದ ಸೂಚನೆ ನೋವು. ಸಾಮಾನ್ಯ ದದ್ದು ತುರಿಸುತ್ತದೆ. ಅಪಾಯಕಾರಿ ದದ್ದು ನೋಯುತ್ತದೆ, ಉರಿಯುತ್ತದೆ. ಚರ್ಮದ ಮೇಲೆ ಕಾಣುವುದು ಇನ್ನೂ ಅಲ್ಪವಾಗಿದ್ದರೂ, ಬಟ್ಟೆ ತಾಗಿದರೆ, ಹಾಸಿಗೆಗೆ ಮೈ ಆನಿಸಿದರೆ ಸುಟ್ಟ ಗಾಯದಂತೆ ನೋವು ಎಂದು ರೋಗಿ ಹೇಳಿದರೆ, ಆ ಮಾತನ್ನು ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ನಂಬಬೇಕು. ಕಾರಣ ಸರಳ: ಮೇಲ್ಚರ್ಮದ ಜೀವಕೋಶಗಳು ಆಗಲೇ ಸಾಯತೊಡಗಿವೆ, ಬೊಬ್ಬೆ ಏಳಲು ಇನ್ನೂ ಒಂದು ದಿನ ಹಿಡಿಯಬಹುದು ಅಷ್ಟೇ.

ಎರಡನೆಯ ಸೂಚನೆ ಲೋಳೆಪೊರೆಗಳದು. ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಬಂದವರಲ್ಲಿ ಬಹುತೇಕ ಎಲ್ಲರಿಗೂ ಬಾಯಿ, ಕಣ್ಣು, ಜನನಾಂಗ ಇವುಗಳಲ್ಲಿ ಒಂದಲ್ಲ ಒಂದು, ಹೆಚ್ಚಾಗಿ ಎರಡು ಅಥವಾ ಅದಕ್ಕಿಂತ ಹೆಚ್ಚು ಜಾಗಗಳು ಹುಣ್ಣಾಗುತ್ತವೆ. ತುಟಿ ಊದಿ ರಕ್ತದ ಹಕ್ಕಳೆ ಕಟ್ಟುತ್ತದೆ, ನೀರು ನುಂಗಲೂ ಆಗುವುದಿಲ್ಲ. ಕಣ್ಣು ಕೆಂಪಾಗಿ, ಮರಳು ಬಿದ್ದಂತೆ ಚುಚ್ಚಿ, ಬೆಳಕು ಸಹಿಸದಂತಾಗುತ್ತದೆ. ಮೂತ್ರ ಮಾಡುವಾಗಿನ ಉರಿಯನ್ನು ಮಾತ್ರ ಸಂಕೋಚದಿಂದ ಹೆಚ್ಚಿನವರು ಹೇಳುವುದಿಲ್ಲ. ಮನೆಯವರು ಕೇಳಬೇಕು, ವೈದ್ಯರು ಪರೀಕ್ಷಿಸಬೇಕು. ಹೊಸ ಔಷಧ, ಜ್ವರ, ದದ್ದು, ಬಾಯಿಹುಣ್ಣು ಈ ನಾಲ್ಕೂ ಒಟ್ಟಿಗೆ ಇದ್ದರೆ, ಬೇರೆ ಕಾರಣ ಸಿಗುವವರೆಗೆ ಅದನ್ನು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಎಂದೇ ಭಾವಿಸಿ ನಡೆಯಬೇಕು. ಮಕ್ಕಳಲ್ಲಿ ಮೈಕೋಪ್ಲಾಸ್ಮಾ ಎಂಬ ಸೋಂಕೂ ಇದೇ ಚಿತ್ರವನ್ನು ತರಬಲ್ಲದು, ಆದರೆ ಅದನ್ನು ನಿರ್ಧರಿಸುವ ಜಾಗ ಆಸ್ಪತ್ರೆ.

ದದ್ದು ಸ್ವತಃ ಹೇಳುವುದೂ ಸ್ವಲ್ಪ ಇದೆ. ಉಬ್ಬದೆ ಚಪ್ಪಟೆಯಾಗಿರುವ, ನಡುವೆ ಕಪ್ಪಡರಿದ ಅಥವಾ ನೇರಳೆ ಛಾಯೆಯ ಮಚ್ಚೆಗಳು, ಅವು ಒಂದಕ್ಕೊಂದು ಕೂಡಿಕೊಳ್ಳುವುದು, ಅವುಗಳ ಮೇಲೆ ಸಡಿಲವಾದ ಬೊಬ್ಬೆ ಏಳುವುದು, ಮೆಲ್ಲಗೆ ಒತ್ತಿ ಸರಿಸಿದರೆ ಮೇಲ್ಪದರ ಜಾರುವುದು. ಕೊನೆಯದನ್ನು ವೈದ್ಯರು ನಿಕೋಲ್ಸ್ಕಿ ಚಿಹ್ನೆ ಎನ್ನುತ್ತಾರೆ; ಮನೆಯಲ್ಲಿ ಯಾರೂ ಉಜ್ಜಿ ನೋಡಬಾರದು, ಉಜ್ಜಿದಷ್ಟೂ ಗಾಯ ಹೆಚ್ಚುತ್ತದೆ. ಕಂದು ಮತ್ತು ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣುವುದಿಲ್ಲ, ಅದು ಬೂದು, ನೇರಳೆ ಅಥವಾ ಗಾಢ ಕಂದಾಗಿ ತೋರುತ್ತದೆ. ಪುಸ್ತಕದ ಚಿತ್ರಗಳು ಹೆಚ್ಚಾಗಿ ಬಿಳಿಯ ಚರ್ಮದವಾಗಿರುವುದರಿಂದ ನಮ್ಮಂಥ ಮೈಬಣ್ಣದವರ ದದ್ದನ್ನು ಹಗಲ ಬೆಳಕಿನಲ್ಲಿ ನೋಡಬೇಕು, ಬೆರಳಿನಿಂದ ಮೃದುವಾಗಿ ಮುಟ್ಟಿ ಬಿಸಿ, ಊತ, ನೋವು ಇವೆಯೇ ಎಂದು ತಿಳಿಯಬೇಕು.

ಅಮೆರಿಕದ ಮಕ್ಕಳ ವೈದ್ಯರಾದ ಸ್ಟೀವನ್ಸ್ ಮತ್ತು ಜಾನ್ಸನ್ ಇಬ್ಬರು ಬಾಲಕರಲ್ಲಿ ಕಂಡ ಈ ಕಾಯಿಲೆಯನ್ನು 1922ರಲ್ಲಿ ವರ್ಣಿಸಿದರು. ಚರ್ಮ ಸುಟ್ಟಂತೆ ವಿಶಾಲವಾಗಿ ಕಳಚುವ ರೂಪವನ್ನು ಅಲನ್ ಲಯೆಲ್ 1956ರಲ್ಲಿ ಟಾಕ್ಸಿಕ್ ಎಪಿಡರ್ಮಲ್ ನೆಕ್ರೊಲೈಸಿಸ್ ಎಂದು ಹೆಸರಿಸಿದರು. ಇವೆರಡೂ ಒಂದೇ ಕಾಯಿಲೆಯ ಎರಡು ತುದಿಗಳೆಂದು ಈಗ ಒಪ್ಪಲಾಗಿದೆ. ಕಳಚಿದ ಚರ್ಮ ದೇಹದ ಮೇಲ್ಮೈಯ 10 ಶೇಕಡಕ್ಕಿಂತ ಕಡಿಮೆ ಇದ್ದರೆ ಮೊದಲನೆಯದು, 30 ಶೇಕಡ ಮೀರಿದರೆ ಎರಡನೆಯದು, ನಡುವಿನದು ಎರಡರ ಬೆರಕೆ. ರೋಗಿಯ ಬೆರಳೂ ಸೇರಿದ ಅಂಗೈ ಸುಮಾರು 1 ಶೇಕಡ ಎಂದು ಅಳೆಯುತ್ತಾರೆ. ಮೊದಲ ರೂಪದಲ್ಲಿ ಹತ್ತರಲ್ಲಿ ಒಬ್ಬರೋ ಅದಕ್ಕೂ ಕಡಿಮೆಯೋ ತೀರಿಕೊಂಡರೆ, ಎರಡನೆಯದರಲ್ಲಿ ಆ ಸಂಖ್ಯೆ ಮೂರರಲ್ಲಿ ಒಬ್ಬರ ಹತ್ತಿರ ಹೋಗುತ್ತದೆ. ಒಂದರಿಂದ ಇನ್ನೊಂದಕ್ಕೆ ಜಾರಲು ಕೆಲವು ದಿನಗಳು ಸಾಕು, ಅದಕ್ಕೇ ಪ್ರತಿ ದಿನಕ್ಕೂ ಬೆಲೆಯಿದೆ.

ಚರ್ಮ ಕಳಚದೆಯೂ ಕೊಲ್ಲಬಲ್ಲ ಇನ್ನೊಂದು ಪ್ರತಿಕ್ರಿಯೆ ಡ್ರೆಸ್. ಇದೇ ಫಿಟ್ಸ್ ಮಾತ್ರೆಗಳು, ಅಲೊಪ್ಯುರಿನಾಲ್, ಡ್ಯಾಪ್ಸೋನ್, ಮಿನೊಸೈಕ್ಲಿನ್, ವ್ಯಾಂಕೊಮೈಸಿನ್ ಮೊದಲಾದವು ಇದನ್ನು ತರುತ್ತವೆ. ಇಲ್ಲಿ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ದದ್ದು ಮೈತುಂಬ ಹರಡುತ್ತದೆ, ಕುತ್ತಿಗೆ ಮತ್ತು ಕಂಕುಳಿನ ದುಗ್ಧಗ್ರಂಥಿಗಳು ಊದುತ್ತವೆ. ಆದರೆ ಮನೆಯವರ ಕಣ್ಣಿಗೆ ಮೊದಲು ಬೀಳುವುದು ಮುಖ: ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ, ಕೆನ್ನೆ, ಕಿವಿ ಬಾತುಕೊಂಡು ಗುರುತೇ ಸಿಗದಂತಾಗಿರುತ್ತದೆ. ಇದನ್ನು ಸಾದಾ ಅಲರ್ಜಿಯ ಊತವೆಂದು ತಿಳಿದು ತುರಿಕೆಯ ಮಾತ್ರೆ ಕೊಟ್ಟು ಸುಮ್ಮನಾಗುವುದು ನಾನು ಹೆಚ್ಚು ಕಳವಳಪಡುವ ತಪ್ಪು, ಏಕೆಂದರೆ ನಿಜವಾದ ಹಾನಿ ಒಳಗೆ ನಡೆಯುತ್ತಿರುತ್ತದೆ. ಯಕೃತ್ತಿಗೆ ಹೆಚ್ಚಿನವರಲ್ಲಿ ಪೆಟ್ಟು ಬೀಳುತ್ತದೆ, ಅಲೊಪ್ಯುರಿನಾಲ್‌ನಿಂದಾದರೆ ಮೂತ್ರಪಿಂಡಕ್ಕೂ, ಕೆಲವರಲ್ಲಿ ಶ್ವಾಸಕೋಶ ಮತ್ತು ಹೃದಯದ ಸ್ನಾಯುವಿಗೂ. ರಕ್ತಪರೀಕ್ಷೆಯಲ್ಲಿ ಇಯೋಸಿನೊಫಿಲ್ ಕಣಗಳು ಏರಿರುತ್ತವೆ. ದದ್ದು ಎಷ್ಟು ಸೌಮ್ಯವಾಗಿದೆ ಎಂಬುದರಿಂದ ಒಳಗಿನ ತೀವ್ರತೆಯನ್ನು ಅಳೆಯಲಾಗುವುದಿಲ್ಲ. ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ ಆಗಲೇಬೇಕು. ಔಷಧ ನಿಲ್ಲಿಸಿದ ಮೇಲೂ ವಾರಗಟ್ಟಲೆ ಏರಿಳಿತವಿರುತ್ತದೆ, ಸ್ಟಿರಾಯ್ಡ್ ಅನ್ನು ಬೇಗ ಇಳಿಸಿದರೆ ಮರುಕಳಿಸುತ್ತದೆ, ತಿಂಗಳುಗಳ ನಂತರ ಥೈರಾಯ್ಡ್ ತೊಂದರೆ ಕಾಣಿಸಿಕೊಳ್ಳುವುದೂ ಉಂಟು.

ಉಳಿದವನ್ನು ಬೇಗ ಹೇಳಿಬಿಡಬಹುದು. ಆ್ಯಂಟಿಬಯಾಟಿಕ್ ಶುರುವಾದ ಒಂದೆರಡು ದಿನಗಳಲ್ಲೇ ಜ್ವರದೊಂದಿಗೆ ಕಂಕುಳು, ತೊಡೆಸಂದಿಗಳಲ್ಲಿ ಕೆಂಪಾಗಿ, ಅದರ ಮೇಲೆ ಗುಂಡುಸೂಜಿಯ ತಲೆಯಷ್ಟು ನೂರಾರು ಕೀವುಗುಳ್ಳೆಗಳು ಎದ್ದರೆ ಅದು ಸೋಂಕಲ್ಲದಿರಬಹುದು. ಎಜೆಪ್ ಎಂಬ ಈ ಪ್ರತಿಕ್ರಿಯೆ ನೋಡಲು ಭಯಂಕರವಾದರೂ ಔಷಧ ನಿಲ್ಲಿಸಿದರೆ ಹೆಚ್ಚಿನವರಲ್ಲಿ ಎರಡು ವಾರದೊಳಗೆ ಸಿಪ್ಪೆಯೆದ್ದು ವಾಸಿಯಾಗುತ್ತದೆ. ಪ್ರತಿ ಸಲ ಅದೇ ಮಾತ್ರೆ ತೆಗೆದುಕೊಂಡಾಗ ತುಟಿ ಅಥವಾ ಜನನಾಂಗದ ಅದೇ ಜಾಗದಲ್ಲಿ ದುಂಡಗಿನ ಕಪ್ಪು ಮಚ್ಚೆ ಏಳುವುದು ಇನ್ನೊಂದು ಬಗೆ. ಒಂದೇ ಮಚ್ಚೆಯಾದರೆ ಚಿಂತೆಯಿಲ್ಲ, ಆದರೆ ಆ ಮಾತ್ರೆಯನ್ನು ಮತ್ತೆ ಮತ್ತೆ ನುಂಗಿದರೆ ಮಚ್ಚೆಗಳು ಹೆಚ್ಚಿ ಬೊಬ್ಬೆಯೂ ಏಳಬಹುದು.

ಅನುಮಾನ ಬಂದ ಗಳಿಗೆಯಲ್ಲಿ ಏನು ಮಾಡಬೇಕು? ಅನುಮಾನಾಸ್ಪದ ಔಷಧದ ಮುಂದಿನ ಡೋಸ್ ಕೊಡದೆ ಅದೇ ದಿನ, ರಾತ್ರಿಯಾಗಿದ್ದರೂ ಸರಿ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಔಷಧವನ್ನು ಎಷ್ಟು ಬೇಗ ನಿಲ್ಲಿಸಿದರೆ ಬದುಕುಳಿಯುವ ಸಾಧ್ಯತೆ ಅಷ್ಟು ಹೆಚ್ಚು ಎಂಬುದು, ಮುಖ್ಯವಾಗಿ ದೇಹದಿಂದ ಬೇಗ ಹೊರಹೋಗುವ ಔಷಧಗಳ ವಿಷಯದಲ್ಲಿ, ಅಧ್ಯಯನಗಳಿಂದ ಗೊತ್ತಾಗಿದೆ. ಆದರೆ ಫಿಟ್ಸ್ ಮಾತ್ರೆಯನ್ನು ನಿಲ್ಲಿಸಿ ಮನೆಯಲ್ಲೇ ಉಳಿದರೆ ನಿಲ್ಲದ ಫಿಟ್ಸ್ ಬರುವ ಅಪಾಯವಿದೆ. ಆದ್ದರಿಂದ ನಿಲ್ಲಿಸುವುದೂ ಬದಲಿ ಔಷಧ ಕೊಡುವುದೂ ವೈದ್ಯರ ಕಣ್ಣೆದುರು ಒಟ್ಟಿಗೆ ಆಗಬೇಕು. ಕಳೆದ ಎರಡು ತಿಂಗಳಲ್ಲಿ ತೆಗೆದುಕೊಂಡ ಎಲ್ಲ ಮಾತ್ರೆಗಳ ಪಟ್ಟಿಗಳನ್ನು, ನಾಟಿ ಔಷಧಗಳನ್ನೂ ಸೇರಿಸಿ, ಆರಂಭದ ತಾರೀಕುಗಳೊಂದಿಗೆ ಕೊಂಡೊಯ್ಯಿರಿ. ದದ್ದಿನ ಫೋಟೊವನ್ನು ದಿನವೂ ತೆಗೆದಿಟ್ಟರೆ ಅದು ಹರಡುತ್ತಿರುವ ವೇಗ ವೈದ್ಯರಿಗೆ ತಿಳಿಯುತ್ತದೆ. ಬೊಬ್ಬೆ ಒಡೆಯಬೇಡಿ, ಲೇಪ ಹಚ್ಚಬೇಡಿ, ಒಂದು ಅಲರ್ಜಿ ಇಂಜೆಕ್ಷನ್ ಹಾಕಿಸಿ ನಾಳೆ ನೋಡೋಣ ಎನ್ನಬೇಡಿ. ಚರ್ಮ ವಿಶಾಲವಾಗಿ ಕಳಚಿದವರಿಗೆ ಸುಟ್ಟಗಾಯದವರಿಗೆ ಕೊಡುವಂಥದೇ ಆರೈಕೆ ಬೇಕು, ಅಂದರೆ ದ್ರವ, ಪೋಷಣೆ, ಬೆಚ್ಚನೆಯ ಕೊಠಡಿ, ನೋವು ಶಮನ, ಸೋಂಕಿನ ಮೇಲೆ ನಿಗಾ. ಕಣ್ಣಿನ ವೈದ್ಯರು ಮೊದಲ ದಿನವೇ ನೋಡುವುದು ಐಚ್ಛಿಕವಲ್ಲ. ಚರ್ಮ ಕೆಲವೇ ವಾರಗಳಲ್ಲಿ ಮತ್ತೆ ಬೆಳೆಯುತ್ತದೆ, ಆದರೆ ರೆಪ್ಪೆ ಕಣ್ಣುಗುಡ್ಡೆಗೆ ಅಂಟಿಕೊಂಡು ಆದ ಹಾನಿ ಉಳಿದುಬಿಡಬಹುದು.

ನಿಮ್ಮ ತಮ್ಮನ ಮುಂದಿನ ದಿನಗಳ ಬಗ್ಗೆ. ಕಾರ್ಬಮಜೆಪಿನ್ ಅನ್ನು ಅವನು ಇನ್ನೆಂದೂ, ಸ್ವಲ್ಪ ಪ್ರಮಾಣದಲ್ಲಿ ಪರೀಕ್ಷಿಸಿ ನೋಡಲಿಕ್ಕೂ, ತೆಗೆದುಕೊಳ್ಳಬಾರದು. ರಚನೆಯಲ್ಲಿ ಅದನ್ನು ಹೋಲುವ ಆಕ್ಸ್‌ಕಾರ್ಬಜೆಪಿನ್, ಫೆನಿಟಾಯಿನ್, ಫಿನೊಬಾರ್ಬಿಟಾಲ್‌ಗಳನ್ನೂ ದೂರವಿಡಬೇಕು. ಲ್ಯಾಮೊಟ್ರಿಜಿನ್ ಕೂಡ ಅವನಿಗೆ ಸೂಕ್ತವಲ್ಲ. ವಾಲ್ಪ್ರೊಯೇಟ್, ಲೆವೆಟಿರಾಸೆಟಮ್ ಇವುಗಳ ರಚನೆ ಬೇರೆ; ಯಾವುದು ಹೊಂದುತ್ತದೆಂದು ನರರೋಗ ತಜ್ಞರು ನಿರ್ಧರಿಸುತ್ತಾರೆ. ಕಾರ್ಬಮಜೆಪಿನ್ ಅನ್ನು ಮುಖದ ನರಶೂಲೆಗೂ ಬೈಪೋಲಾರ್ ಮನೋರೋಗಕ್ಕೂ ಕೊಡುತ್ತಾರೆ, ಮತ್ತು ಅದು ಹತ್ತಾರು ವ್ಯಾಪಾರಿ ಹೆಸರುಗಳಲ್ಲಿ ಸಿಗುತ್ತದೆ. ಹತ್ತು ವರ್ಷಗಳ ನಂತರ ಬೇರೊಬ್ಬ ವೈದ್ಯರು, ಬೇರೊಂದು ಕಾರಣಕ್ಕೆ, ಬೇರೊಂದು ಹೆಸರಿನಲ್ಲಿ ಇದನ್ನೇ ಬರೆದುಕೊಡಬಹುದು. ಆದ್ದರಿಂದ ಔಷಧದ ಮೂಲ ಹೆಸರು, ಪ್ರತಿಕ್ರಿಯೆಯ ಹೆಸರು, ವರ್ಷ ಇವನ್ನು ಬರೆದ ಚೀಟಿ ಅವನ ಕಿಸೆಯಲ್ಲೂ ಫೋನಿನಲ್ಲೂ ಸದಾ ಇರಲಿ. ಬರಿಯ "ಅಲರ್ಜಿ" ಎಂದು ಬರೆದರೆ ಸಾಲದು. ಕಣ್ಣು ಒಣಗುವುದು, ರೆಪ್ಪೆಗೂದಲು ಒಳಕ್ಕೆ ತಿರುಗುವುದು ತಿಂಗಳುಗಳ ನಂತರವೂ ಆರಂಭವಾಗಬಹುದಾದ್ದರಿಂದ, ಈಗ ತೊಂದರೆಯಿಲ್ಲದಿದ್ದರೂ ಕಣ್ಣಿನ ತಪಾಸಣೆ ಮುಂದುವರಿಯಲಿ. ನೀವು ಅಂದು ನಿಲ್ಲಿಸಿದ ಆ್ಯಂಟಿಬಯಾಟಿಕ್ ಮೇಲಿನ ಅಪವಾದವನ್ನೂ ಚರ್ಮತಜ್ಞರೊಂದಿಗೆ ತಾರೀಕುಗಳನ್ನಿಟ್ಟು ಪರಿಶೀಲಿಸಿ, ಅದು ನಿರಪರಾಧಿಯೆಂದು ತೀರ್ಮಾನವಾದರೆ ದಾಖಲೆಯಿಂದ ತೆಗೆಸಿರಿ.

ಕೊನೆಯದಾಗಿ ನಿಮ್ಮ ವಿಷಯ. ಈ ಪ್ರತಿಕ್ರಿಯೆ ಅಂಟುಜಾಡ್ಯವಲ್ಲ, ಆದರೆ ಅದರ ಒಲವು ಆನುವಂಶಿಕವಾಗಿರಬಹುದು. ಎಚ್‌ಎಲ್‌ಎ-ಬಿ 15:02 ಎಂಬ ಜೀನ್ ರೂಪಕ್ಕೂ ಕಾರ್ಬಮಜೆಪಿನ್‌ನಿಂದಾಗುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್‌ಗೂ ಇರುವ ಗಾಢ ನಂಟನ್ನು ತೈವಾನಿನ ಸಂಶೋಧಕರು 2004ರಲ್ಲಿ ತೋರಿಸಿದರು. ಏಷ್ಯಾ ಮೂಲದವರಿಗೆ ಈ ಔಷಧ ಕೊಡುವ ಮೊದಲು ಆ ಜೀನಿನ ಪರೀಕ್ಷೆ ಮಾಡಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2007ರಲ್ಲಿ ಸಲಹೆ ನೀಡಿತು. ಅಲೊಪ್ಯುರಿನಾಲ್‌ಗೂ 58:01 ಎಂಬ ರೂಪಕ್ಕೂ ಇಂಥದೇ ಸಂಬಂಧವಿದೆ. ನಿಮ್ಮ ತಮ್ಮನ ರಕ್ತದಲ್ಲಿ ಈ ಪರೀಕ್ಷೆ ಮಾಡಿಸಿ. ಅವನಲ್ಲಿ ಆ ರೂಪದ ಒಂದು ಪ್ರತಿ ಇದ್ದರೆ, ಅದೇ ತಂದೆತಾಯಿಯ ಮಗುವಾದ ನಿಮ್ಮಲ್ಲೂ ಇರುವ ಸಾಧ್ಯತೆ ಸುಮಾರು ಅರ್ಧದಷ್ಟು. ಅದಿದ್ದವರಿಗೆಲ್ಲ ಕಾಯಿಲೆ ಬರುತ್ತದೆಂದಲ್ಲ. ಔಷಧ ತೆಗೆದುಕೊಳ್ಳದಿದ್ದರೆ ಅದರಿಂದ ಈ ಅಪಾಯವಿಲ್ಲ, ತೆಗೆದುಕೊಂಡವರಲ್ಲೂ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಬದಲಿ ಔಷಧಗಳಿರುವಾಗ ಆ ಸವಾಲನ್ನು ಎದುರಿಸುವ ಅಗತ್ಯವಿಲ್ಲ. ನಿಮಗೆ ಎಂದಾದರೂ ಫಿಟ್ಸ್ ಅಥವಾ ನರಶೂಲೆಗೆ ಚಿಕಿತ್ಸೆ ಬೇಕಾದರೆ, ತಮ್ಮನಿಗೆ ಹೀಗಾಗಿತ್ತೆಂದು ಔಷಧ ಬರೆಯುವ ಮೊದಲೇ ವೈದ್ಯರಿಗೆ ಹೇಳಿರಿ. ಇನ್ನೊಂದು ಮಾತು: ಈ ಪರೀಕ್ಷೆ ಒಂದು ಜೀನ್ ರೂಪವನ್ನಷ್ಟೇ ನೋಡುತ್ತದೆ. ಅದು ಇಲ್ಲವೆಂದು ವರದಿ ಬಂದವರಲ್ಲೂ ಈ ಪ್ರತಿಕ್ರಿಯೆ ಕಂಡುಬಂದಿರುವುದರಿಂದ, ಔಷಧ ಆರಂಭಿಸಿದ ತಾರೀಕನ್ನು ಬರೆದಿಟ್ಟು ಮೊದಲ ಎರಡು ತಿಂಗಳು ಜ್ವರ, ಬಾಯಿ, ಕಣ್ಣು, ಚರ್ಮ ಇವುಗಳ ಮೇಲೆ ಗಮನವಿಡುವುದನ್ನು ಆ ವರದಿಯ ನೆಪದಲ್ಲಿ ಬಿಡಬೇಡಿ.